ದೀಪ ಹಚ್ಚೋ ಹೊತ್ತಿನ ಹಸಿರು

"ಅಳಿಸು," ಎಂದೆ.

ಕಂಪನಿಯ ಕೋಡ್ ಬರೆಯುವ ಹುಡುಗಿ ಜೈಬಾ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡೇ ನನ್ನ ಮುಖ ನೋಡಿದಳು. "ಯಾವ್ದನ್ನ ಮೇಡಂ?"

"ನೀರು ಕೆಟ್ಟಿದ್ರೆ ನಲ್ಲಿ ಮುಚ್ಚು ಅಂತ ಯಂತ್ರಕ್ಕೆ ಹೇಳೋ ಸಾಲು. ಇಡೀ ಕೋಡ್‌ನಲ್ಲಿ ಅದೊಂದೇ ತಾನೆ? ಅದನ್ನೇ ಅಳಿಸು."

"ಅದನ್ನ ಅಳಿಸ್ಬುಟ್ರೆ ಇನ್ನೇನೈತೆ ಮೇಡಂ? ವಿಷ ಬಂದ್ರೂ ನಲ್ಲಿ ತೆಕ್ಕೊಂಡೇ ಇರ್ತೈತೆ."

"ಇದು ನಕಲು ಪ್ರತಿ. ಇದರ ನೀರು ಯಾರೂ ಕುಡಿಯಲ್ಲ. ಅಳಿಸು."

ಅಳಿಸಿದಳು.

"ಈಗ ನಾನೂರ ಹನ್ನೆರಡು ಟೆಸ್ಟನ್ನೂ ಓಡಿಸು."

ಎದುರಿನ ಕುರ್ಚಿಯಲ್ಲಿ ಶಂಕರಲಿಂಗಪ್ಪ ಬೋಂಡ ತಿನ್ನುತ್ತಿದ್ದ. 'ತಿಳಿನೀರು' ಕಂಪನಿಯ ಮಾಲೀಕ. ಬಹುವಚನ ಕೊಡುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ, ಓದುವವರು ಕ್ಷಮಿಸಬೇಕು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನ ಅರವತ್ತನಾಲ್ಕು ಊರುಗಳ ಕುಡಿಯುವ ನೀರಿನ ಘಟಕಗಳಲ್ಲಿ ಓಡುತ್ತಿರುವುದು ಇವನ ಸಾಫ್ಟ್‌ವೇರ್. ನೀರು ಚೆನ್ನಾಗಿದ್ದರೆ ಹಸಿರು ದೀಪ, ನಲ್ಲಿ ತೆರೆಯುತ್ತದೆ. ಕೆಟ್ಟಿದ್ದರೆ ಕೆಂಪು ದೀಪ, ನಲ್ಲಿ ಮುಚ್ಚುತ್ತದೆ. ಮಾಡಬೇಕಾದ ಕೆಲಸ ಅಷ್ಟೇ.

ಮೂರು ವಾರದ ಹಿಂದೆ ಪಾವಗಡ ಗಡಿಯ ಬಂಡೇಪಾಳ್ಯದಲ್ಲಿ ಅಷ್ಟೂ ಆಗಲಿಲ್ಲ. ಹದಿನೇಳು ಜನ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಪಾಲಪ್ಪ ಎಂಬ ಮುದುಕ ಗಂಟಲು ಸುಟ್ಟುಕೊಂಡು ಇನ್ನೂ ತುಮಕೂರಿನಲ್ಲಿ ಮಲಗಿದ್ದಾನೆ. ಹಿಂದಿನ ದಿನ ಕಂಪನಿಯವರೇ ಆಸಿಡ್ ಹಾಕಿ ಫಿಲ್ಟರ್ ತೊಳೆದು ಹೋಗಿದ್ದರು, ಆ ಆಸಿಡ್ ಟ್ಯಾಂಕಿನಲ್ಲೇ ಉಳಿದಿತ್ತು. ಇದನ್ನು ಯಾರೂ ಇಲ್ಲವೆನ್ನುತ್ತಿಲ್ಲ. ಜಗಳವಿರುವುದು ಒಂದಕ್ಕೇ. ನಲ್ಲಿ ಯಾಕೆ ಮುಚ್ಚಲಿಲ್ಲ?

ಘಟಕ ನೋಡಿಕೊಳ್ಳುವ ಆಂಜಿನಮ್ಮ ಸೆನ್ಸರಿನ ವೈರ್ ಕಿತ್ತಿದ್ದಳು, ಅದಕ್ಕೇ ಮುಚ್ಚಲಿಲ್ಲ ಎನ್ನುತ್ತಾನೆ ಶಂಕರಲಿಂಗಪ್ಪ. ಅವನ ಬಳಿ ಎರಡು ಪುರಾವೆ ಇವೆ. ಆ ಬೆಳಿಗ್ಗೆ ಯಂತ್ರದ ದಾಖಲೆಯಲ್ಲಿ ನೀರಿನ ಕಲ್ಮಷದ ಅಳತೆ ಸೊನ್ನೆ ಎಂದಿದೆ, ವೈರ್ ಕಿತ್ತರೆ ಮಾತ್ರ ಸೊನ್ನೆ ಬರುವುದಂತೆ. ಮತ್ತೆ, ಸಾಫ್ಟ್‌ವೇರ್ ಸರಿಯಾಗಿದೆಯೇ ಎಂದು ನೋಡಲು ಬರೆದ ನಾನೂರ ಹನ್ನೆರಡು ಟೆಸ್ಟ್‌ಗಳೂ ಪಾಸು. ಸಂಜೆ ನಾಲ್ಕಕ್ಕೆ ರಸ್ತೆಯಾಚೆಯ ಕಚೇರಿಯಲ್ಲಿ ತನಿಖಾ ಸಮಿತಿ ಕೂರುತ್ತದೆ. ಅಷ್ಟರೊಳಗೆ, ಸಮಿತಿಯ ಅನುಮತಿ ಪಡೆದು ಪರೀಕ್ಷಿಸಲು ಬಂದಿರುವ ನನಗೆ ಬೇರೆ ಪುರಾವೆ ಸಿಗದಿದ್ದರೆ ಆಂಜಿನಮ್ಮನ ಮೇಲೆ ಪೊಲೀಸ್ ಕೇಸು.

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹಸಿರು ಚುಕ್ಕೆಗಳು ಸಾಲಾಗಿ ಬಿದ್ದವು. ನೂರು. ಇನ್ನೂರು. ಕೊನೆಗೆ ನಾನೂರ ಹನ್ನೆರಡು. ಒಂದೂ ಕೆಂಪಿಲ್ಲ.

ಶಂಕರಲಿಂಗಪ್ಪ ಬೆರಳು ಒರೆಸಿಕೊಂಡು ನಕ್ಕ. "ನೋಡಿದ್ರಾ ವನಜಮ್ಮ? ಬೆಳಗ್ಗಿಂದ ಎಷ್ಟ್ ಸಲ ಓಡ್ಸಿದ್ರಿ. ಒಂದ್ ಸಲಾನಾದ್ರೂ ಫೇಲಾಯ್ತಾ? ನಮ್ದು ಪಕ್ಕಾ ಮಾಲು ಕಣಮ್ಮ."

ನನಗೆ ಮೈ ಉರಿದುಹೋಯಿತು.

"ರೀ ಸ್ವಾಮಿ, ನಲ್ಲಿ ಮುಚ್ಚೋ ಸಾಲನ್ನೇ ಈಗ ನಿಮ್ಮ ಕಣ್ಣೆದುರಿಗೆ ಕಿತ್ತು ಹಾಕಿದೀನಿ. ಆದ್ರೂ ಹಸಿರು! ನಿಮ್ಮ ನಾನೂರ ಹನ್ನೆರಡರಲ್ಲಿ ಒಂದು ಟೆಸ್ಟಾದ್ರೂ ನಲ್ಲಿ ಮುಚ್ಚಿತಾ ಅಂತ ನೋಡುತ್ತಾ?"

ಅವನ ನಗು ಅರ್ಧಕ್ಕೆ ನಿಂತಿತು.

ಒಂದು ಟೆಸ್ಟನ್ನು ತೆರೆದು ಪರದೆಗೆ ಹಾಕಿಸಿದೆ. ಹೆಸರು ಭರ್ಜರಿಯಾಗಿತ್ತು: 'ಕೆಟ್ಟ ನೀರಿಗೆ ನಲ್ಲಿ ಮುಚ್ಚಬೇಕು'. ಒಳಗೆ ನೋಡಿದರೆ ನೀರಿನ ಅಳತೆ ಕೊಡುತ್ತದೆ, ಪ್ರೋಗ್ರಾಂ ಓಡಿಸುತ್ತದೆ, ಮುಗಿಯಿತು. ಓಡಿತೇ? ಓಡಿತು. ಪಾಸು. ಮುಚ್ಚಿತೇ ಎಂದು ಕೇಳುವ ಗೊಡವೆಯೇ ಇಲ್ಲ.

"ಇದಕ್ಕೆ ಕೊಟ್ಟಿರೋ ಅಳತೆ ಯಾವ ನೀರಿನದು?"

ಜೈಬಾ ತಲೆ ತಗ್ಗಿಸಿದಳು. "ಇಲ್ಲೇ ಆಫೀಸಿನ ಕ್ಯಾನ್ ನೀರು ಮೇಡಂ. ಎಲ್ಲಾದಕ್ಕೂ ಅದೇ."

ಕೆಟ್ಟ ನೀರಿನ ಪರೀಕ್ಷೆಗೆ ಕ್ಯಾನ್ ನೀರು! ಹದಿನೈದು ವರ್ಷ ಟೆಸ್ಟಿಂಗ್ ಕೆಲಸ ಮಾಡಿದ್ದೇನೆ, ಆಮೇಲೆ ಆರು ವರ್ಷ ಇಂಥ ಕಳ್ಳ ಹಸಿರುಗಳನ್ನೇ ಹುಡುಕಿಕೊಂಡು ತಿರುಗಿದ್ದೇನೆ. ಇಷ್ಟು ನಾಚಿಕೆಗೆಟ್ಟದ್ದನ್ನು ನೋಡಿರಲಿಲ್ಲ.

"ಟೆಸ್ಟ್ ಹೆಂಗಾದ್ರೂ ಇರ್ಲಿ," ಶಂಕರಲಿಂಗಪ್ಪ ಕುರ್ಚಿ ಮುಂದಕ್ಕೆಳೆದುಕೊಂಡ. "ಸೊನ್ನೆಗೇನಂತೀರಾ? ವೈರ್ ಕೀಳ್ದೆ ಸೊನ್ನೆ ಹೆಂಗಮ್ಮ ಬತ್ತೈತೆ? ಅವಳೇ ಕಿತ್ತವ್ಳೆ."

ಅದಕ್ಕೂ ತಯಾರಾಗಿಯೇ ಬಂದಿದ್ದೆ. ಬಂದ ಅಧಿಕಾರಿಗಳಿಗೆ ತೋರಿಸಲೆಂದು ಮುಂದಿನ ಹಜಾರದಲ್ಲೇ ಒಂದು ಮಾದರಿ ಘಟಕ ಇಟ್ಟುಕೊಂಡಿದ್ದಾರೆ. ಅದರ ತೊಟ್ಟಿಗೆ ಸೆನ್ಸರ್ ಇಳಿಬಿಟ್ಟಿದೆ, ವೈರ್ ಎಲ್ಲರಿಗೂ ಕಾಣುವಂತಿದೆ. ಚೀಲದಿಂದ ಕ್ಯಾನು ತೆಗೆದೆ. ಫಿಲ್ಟರ್ ತೊಳೆಯಲು ಇವರೇ ಬಳಸುವ ಆಸಿಡ್.

"ವೈರ್ ನೋಡ್ತಾ ಇರಿ. ನಾನು ಮುಟ್ಟಲ್ಲ, ಯಾರೂ ಮುಟ್ಟಬೇಡಿ."

ಸುರಿದೆ. ಮೂಗಿಗೆ ಘಾಟು ಬಡಿಯಿತು. ಅಳತೆಯ ಅಂಕಿ ಸರಸರ ಏರಿತು. ಐನೂರು, ಸಾವಿರ, ಎರಡು ಸಾವಿರ. ಅಲ್ಲಿ ಕೆಂಪು ದೀಪ ಹತ್ತಿ ನಲ್ಲಿ ಮುಚ್ಚಿತು. ಶಂಕರಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಲೋಟ ಸುರಿದೆ. ಅಂಕಿ ಪುಳಕ್ಕನೆ ಮಾಯವಾಯಿತು. ಒಂದು ಕ್ಷಣ ಖಾಲಿ. ಆಮೇಲೆ ಸೊನ್ನೆ.

ಹಸಿರು ದೀಪ ಹತ್ತಿತು. ನಲ್ಲಿ ತೆರೆದುಕೊಂಡು ಆಸಿಡ್ ನೀರು ಧಾರಾಳವಾಗಿ ಸುರಿಯತೊಡಗಿತು.

ವೈರ್ ಇದ್ದಲ್ಲೇ ಇತ್ತು.

"ಯಾ ಅಲ್ಲಾ," ಜೈಬಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಸೆನ್ಸರ್‌ಗೆ ಅಳೆಯೋ ಮಿತಿ ಐತೆ ಮೇಡಂ. ಅದು ದಾಟಿದ್ರೆ ಅಂಕಿನೇ ಕಳ್ಸಲ್ಲ. ಖಾಲಿ ಬತ್ತೈತೆ. ನಮ್ಮ ಕೋಡು ಖಾಲೀನ ಸೊನ್ನೆ ಅಂತ ತಿಳ್ಕೊಂತೈತೆ."

"ಸೊನ್ನೆ ಅಂದ್ರೆ?"

"ಎಲ್ಲಕ್ಕಿಂತ ಶುದ್ಧ ನೀರು."

ಸ್ವಲ್ಪ ಕೆಟ್ಟರೆ ನಲ್ಲಿ ಮುಚ್ಚುತ್ತದೆ. ಪೂರ್ತಿ ವಿಷವಾದರೆ ತೆರೆಯುತ್ತದೆ. ಹದಿನೇಳು ಜನ ಬಿಂದಿಗೆ ಹಿಡಿದು ನಿಂತದ್ದು ಈ ಹಸಿರನ್ನು ನಂಬಿ. ಆಂಜಿನಮ್ಮ ಮೂರು ವಾರದಿಂದ ಗಂಟಲು ಹರಿದುಕೊಂಡು ಹೇಳುತ್ತಿರುವುದೂ ಇದನ್ನೇ, ದೀಪ ಹಸಿರಿತ್ತು ಅಂತ. ಒಬ್ಬರೂ ನಂಬಲಿಲ್ಲ. ಊರಿನಲ್ಲಿ ಅವಳ ಕೈಯಿಂದ ಯಾರೂ ಒಂದು ಲೋಟ ನೀರು ಮುಟ್ಟುತ್ತಿಲ್ಲ.

ಫೋನ್ ರಿಂಗಾಯಿತು. ಮುತ್ತುರಾಜು. ಆಂಜಿನಮ್ಮನ ವಕೀಲರು, ನನ್ನನ್ನು ಈ ಕೆಲಸಕ್ಕೆ ಕರೆಸಿದವರೂ ಅವರೇ.

"ಏನಾದ್ರೂ ಸಿಕ್ತಾ ಮೇಡಂ?"

"ಸಿಕ್ತು. ಸೊನ್ನೆ ಹೆಂಗೆ ಬಂತು ಅಂತ ಗೊತ್ತಾಯ್ತು. ಕಂಪನಿ ಸುಳ್ಳು ಹೇಳ್ತಿದೆ."

"ಭೇಷ್. ಯಾರಿಗೂ ಹೇಳ್ಬೇಡಿ. ಎಲ್ಲಾ ಒಂದು ಪೆನ್‌ಡ್ರೈವಿಗೆ ಹಾಕಿ ನನ್ನ ಕೈಗೇ ಕೊಡಿ, ಸಮಿತಿ ಮುಂದೆ ನಾನಿಡ್ತೀನಿ. ಇನ್ನೊಂದು ಪ್ರತಿ ಇಟ್ಕೋಬೇಡಿ. ಸೋರಿಕೆ ಆದ್ರೆ ಕೇಸು ಬಿದ್ದೋಗುತ್ತೆ."

ಆಗಲಿ ಎಂದೆ. ಎಂಥ ಜಾಗರೂಕ ಮನುಷ್ಯ ಅಂದುಕೊಂಡೆ.

ತಪ್ಪು ಸಿಕ್ಕಿದ ಮೇಲೆ ಸರಿಪಡಿಸದೆ ಏಳುವ ಅಭ್ಯಾಸ ನನಗಿಲ್ಲ. ಅಳಿಸಿದ ಸಾಲನ್ನು ವಾಪಸ್ ಹಾಕಿಸಿದೆ. "ಮೊದಲು ಟೆಸ್ಟ್ ಬರಿ ಜೈಬಾ. ಅಳತೆ ಖಾಲಿ ಕೊಡು. ನಲ್ಲಿ ಮುಚ್ಚಿತಾ ಅಂತ ಕೇಳು. ಓಡಿದ್ರೆ ಸಾಲದು, ಮುಚ್ಚಿತಾ ಅಂತ ಬಾಯಿಬಿಟ್ಟು ಕೇಳಬೇಕು. ಕೋಡನ್ನ ಈಗಲೇ ರಿಪೇರಿ ಮಾಡಬೇಡ. ಅದು ಕೆಂಪಾಗೋದನ್ನ ನಾನು ಕಣ್ಣಾರೆ ನೋಡಬೇಕು."

ಇದು ನನ್ನ ಹಟ. ಒಮ್ಮೆಯೂ ಕೆಂಪಾಗದ ಟೆಸ್ಟಿನ ಹಸಿರನ್ನು ನಾನು ನಂಬುವುದಿಲ್ಲ.

ಆರು ಸಾಲು ಬರೆದಳು. ಓಡಿಸಿದಳು. ಗೋಡೆಯ ಪರದೆಯಲ್ಲಿ ನಾನೂರ ಹನ್ನೆರಡು ಹಸಿರಿನ ಕೊನೆಗೆ ಒಂದು ಕೆಂಪು ಚುಕ್ಕೆ ಬಿತ್ತು. ನನಗೆ ಹೊಟ್ಟೆ ತಣ್ಣಗಾಯಿತು.

ಶಂಕರಲಿಂಗಪ್ಪ ಮಾತ್ರ ಕುರ್ಚಿಯಿಂದ ಚಂಗನೆ ಎದ್ದುಬಿಟ್ಟ. "ಲೇ ಜೈಬಾ! ತೆಗಿ ಅದ್ನ! ಶುಕ್ರವಾರ ಕಣೇ, ಶುಕ್ರವಾರ! ಮೊದ್ಲು ಪಕ್ಕಕ್ಕಿಡು!"

ಕಾಲು ಗಂಟೆಯಿಂದ ಅವನ ಹಜಾರದಲ್ಲಿ ಆಸಿಡ್ ಹರಿಯುತ್ತಿದೆ. ಅದಕ್ಕೆ ಕೂಗಲಿಲ್ಲ. ಒಂದು ಕೆಂಪು ಚುಕ್ಕೆಗೆ ಕೂಗಿದ.

"ಪಕ್ಕಕ್ಕಿಡೋದು ಅಂದ್ರೇನು?" ಕೇಳಿದೆ.

ಜೈಬಾ ಮೆಲ್ಲಗೆ ಹೇಳಿದಳು. "ದಿನಾ ಸಂಜೆ ಆರೂವರೆಗೆ ಸಾರು ಈ ಪರದೆ ಮುಂದೆ ದೀಪ ಹಚ್ತಾರೆ ಮೇಡಂ. ಆ ಹೊತ್ನಾಗೆ ಕೆಂಪು ಇರಬಾರ್ದು. ಮನೆಗೆ ಲಕ್ಷ್ಮಿ ಬರಲ್ಲ ಅಂತ. ಯಾರ ಟೆಸ್ಟು ಕೆಂಪಿರ್ತೈತೋ ಅವ್ರು ಅದ್ನ ಓಡದಂಗೆ ಪಕ್ಕಕ್ಕಿಡ್ಬೇಕು. ಬೆಳಿಗ್ಗೆ ವಾಪಸ್ ಹಾಕ್ಬೇಕು."

"ಹಾಕ್ತೀರಾ?"

"ಬೆಳಿಗ್ಗೆ ಬೇರೆ ಕೆಲ್ಸ ಇರ್ತೈತೆ."

ನನಗೆ ದೇವರ ದೀಪದ ಮೇಲೆ ಸಿಟ್ಟಿಲ್ಲ. ನಮ್ಮ ಮನೆಯಲ್ಲೂ ಹಚ್ಚುತ್ತೇನೆ. ಆದರೆ ದೇವರಿಗೆ ತೋರಿಸಲು ಅಂಜಿದ ಕೆಂಪನ್ನು ಜನರ ಬಿಂದಿಗೆಗೆ ತುಂಬಿಸಿದರಲ್ಲ, ಆ ಲೆಕ್ಕಾಚಾರಕ್ಕೆ ಏನೆನ್ನಬೇಕು? ಪಕ್ಕಕ್ಕಿಟ್ಟವುಗಳ ಪಟ್ಟಿ ತೆಗೆಸಿದೆ. ಯಾರು, ಯಾವಾಗ ಇಟ್ಟರು ಎಂಬುದನ್ನೆಲ್ಲ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಅದಕ್ಕೆ ಲಕ್ಷ್ಮಿಯ ಭಯವಿಲ್ಲ.

ಮೂವತ್ತೇಳು ಟೆಸ್ಟ್‌ಗಳು. ಸಂಜೆ ಆರು ಹದಿನೆಂಟು, ಆರು ಇಪ್ಪತ್ತೈದು, ಆರು ಇಪ್ಪತ್ತೊಂಬತ್ತು. ದೀಪಕ್ಕೆ ಮುಂಚಿನ ಅವಸರ. ಕಣ್ಣು ಕೆಳಗಿಳಿಸುತ್ತ ಹೋದೆ. ಇಪ್ಪತ್ತಮೂರನೆಯದರ ಮೇಲೆ ನಿಂತಿತು.

ಬೆಳಿಗ್ಗೆ ಹನ್ನೊಂದು ಹತ್ತು. ನಾಲ್ಕು ತಿಂಗಳ ಹಿಂದೆ.

ಯಾವ ದೀಪವೂ ಇಲ್ಲದ ಹೊತ್ತು. ಇದು ಅವಸರವಲ್ಲ, ಬೇಕೆಂದೇ ಮಾಡಿದ್ದು. ಟೆಸ್ಟಿನ ಹೆಸರು ಓದಿದೆ: 'ಆಂಜಿನಮ್ಮ ಬಾಟಲಿ'. ಒಳಗಿದ್ದದ್ದು ಈಗ ತಾನೆ ನಾವು ಬರೆದ ಅದೇ ಆರು ಸಾಲು. ಅಳತೆ ಖಾಲಿ. ನಲ್ಲಿ ಮುಚ್ಚಿತಾ?

ಪಕ್ಕಕ್ಕಿಟ್ಟವರ ಹೆಸರು: ಜೈಬಾ.

ಬೆಳಗಿನಿಂದ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಮಧ್ಯಾಹ್ನ ಸಿರಾದಿಂದ ಅವಳಮ್ಮ ಖಾಜಾಬಿ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟಿದ್ದಾಳೆ. ಒಂದು ಮಾತು ಹೇಳಲಿಲ್ಲ.

"ಎಲ್ಲಾ ಗೊತ್ತಿತ್ತಾ ನಿಂಗೆ?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ಆಸಿಡ್ ಸುರಿದಾಗ ಯಾ ಅಲ್ಲಾ ಅಂದ್ಯಲ್ಲ, ನಾಟಕಾನಾ?"

ಅವಳ ಕಣ್ಣು ತುಂಬಿತು. "ನಾಟಕ ಅಲ್ಲ ಮೇಡಂ. ಬಾಟಲೀಲಿದ್ದಿದ್ದು ಆಸಿಡ್ ಅಂತ ಅವತ್ತು ಗೊತ್ತಿರ್ಲಿಲ್ಲ. ಆಂಜಿನಮ್ಮ ಬಸ್ ಹತ್ಕೊಂಡು ಇಲ್ಲಿಗಂಟ ತಂದು ಕೊಟ್ಟಿದ್ರು. ಫಿಲ್ಟರ್ ತೊಳ್ದ ಮಾರನೇ ದಿನ ನೀರು ಹುಳಿ ಐತೆ, ದೀಪ ಹಸ್ರೈತೆ ಅಂತ. ಸೆನ್ಸರ್ ಇಟ್ಟು ನೋಡ್ದೆ, ಅಳತೆ ಖಾಲಿ ಬಂತು. ಅವತ್ತು ದೀಪ ಹಚ್ಚಾದ್ಮೇಲೆ ಟೆಸ್ಟ್ ಬರ್ದೆ. ಕೆಂಪಾಯ್ತು. ಮಾರನೇ ಬೆಳಿಗ್ಗೆ ಸಾರು ಒಂದು ಕಾಗ್ದ ತಂದ್ರು. ಬಾಟಲಿ ಘಟಕದ್ದಲ್ಲ, ನನ್ನ ದೂರು ವಾಪಸ್ ತಗೊಂಡಿದೀನಿ ಅಂತ ಆಂಜಿನಮ್ಮನೇ ಸಹಿ ಹಾಕಿದ್ರು. ನನ್ನ ಕೈಯಾರೆ ಪಕ್ಕಕ್ಕಿಟ್ಟೆ. ಹದಿನೇಳು ಜನ ಆಸ್ಪತ್ರೆಗೆ ಹೋದ ದಿನದಿಂದ ನಿದ್ದೆ ಇಲ್ಲ. ಹೇಳಿದ್ರೆ ಎಲ್ಲಾ ನನ್ನ ತಲೆ ಮೇಲೆ ಬತ್ತೈತೆ ಅಂತ ಹೆದ್ರಿಕೆ."

"ಕಾಗದ ತೋರಿಸಿದ್ರೆ ನೀರು ಸರಿಹೋಗುತ್ತೇನೇ?"

ಅವಳು ಅಳುತ್ತಿದ್ದಳು. ಸಮಾಧಾನ ಮಾಡುವ ಮನಸ್ಸು ನನಗೆ ಬರಲಿಲ್ಲ.

ಶಂಕರಲಿಂಗಪ್ಪನಿಗೆ ಮಾತ್ರ ಜೀವ ಬಂದಿತ್ತು. ಡ್ರಾಯರ್ ಎಳೆದು ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದ ಹೊರತೆಗೆದು ಮೇಜಿನ ಮೇಲೆ ಬಡಿದ. "ಓದ್ಕೊಳಮ್ಮ. ಅವಳೇ ಸುಳ್ಳು ಬಾಟ್ಲಿ ತಂದಿದ್ದು, ಅವಳೇ ಒಪ್ಕೊಂಡಿದ್ದು. ನಾಲ್ಕ್ ತಿಂಗ್ಳಿಂದ ಜೋಪಾನವಾಗಿ ಇಟ್ಟೀವ್ನಿ. ಇದ್ನ ನೋಡಿದ್ ಮೇಲೆ ನಿಮ್ ಟೆಸ್ಟು ಗಿಸ್ಟು ಯಾರ್ ಕೇಳ್ತಾರೆ?"

ಕಾಗದ ನೋಡಿದೆ. ಟೈಪ್ ಮಾಡಿದ ನಾಲ್ಕು ಸಾಲು. ಕೆಳಗೆ ದುಂಡು ದುಂಡಾದ ಕನ್ನಡ ಅಕ್ಷರದಲ್ಲಿ ಸಹಿ, 'ಆಂಜಿನಮ್ಮ'. ಕಾಪಿ ಪುಸ್ತಕದಲ್ಲಿ ತಿದ್ದಿದಷ್ಟು ಅಚ್ಚುಕಟ್ಟು.

ನನಗೆ ತಲೆಯಲ್ಲಿ ಏನೋ ಕುಟುಕಿತು. ಬಾಗಿಲಿಗೆ ಹೋಗಿ ಹೊರಗಿನ ಬೆಂಚಿನತ್ತ ಕೂಗಿದೆ. "ಆಂಜಿನಮ್ಮಾ, ಒಳಗೆ ಬನ್ನಿ. ನಿಮ್ಮ ಪುಸ್ತಕಾನೂ ತನ್ನಿ."

ಬೆಳಿಗ್ಗೆ ಒಂಬತ್ತರಿಂದ ಅವಳು ಅಲ್ಲೇ ಕೂತಿದ್ದಳು. ಐವತ್ತರ ಹೆಂಗಸು, ಕಂಕುಳಲ್ಲಿ ಬ್ಯಾಗು, ಕೈಯಲ್ಲಿ ತನ್ನದೇ ನೀರಿನ ಬಾಟಲಿ. ಒಳಗೆ ಬಂದವಳು ಹಜಾರದ ಘಾಟಿಗೆ ಸೆರಗು ಮೂಗಿಗೆ ಹಿಡಿದಳು. "ಇದೇ ವಾಸನೆ ತಲ್ಲೀ! ಆವತ್ತೂ ಇದೇ!"

ಘಟಕದಲ್ಲಿ ಅವಳು ದಿನವೂ ಬರೆಯುತ್ತಿದ್ದ ಪುಸ್ತಕ ಅದು. ದೀಪದ ಬಣ್ಣ, ನೀರಿನ ರುಚಿ, ಯಾವ ದಿನ ಫಿಲ್ಟರ್ ತೊಳೆದರು, ಎಲ್ಲ ಇದೆ. ಮೊದಲ ದಿನವೇ ಅದನ್ನು ಕಂಪನಿಯ ಮುಂದಿಟ್ಟಿದ್ದಳು. ಶಂಕರಲಿಂಗಪ್ಪ ಎರಡು ಹಾಳೆ ತಿರುವಿ ಪಕ್ಕಕ್ಕೆ ತಳ್ಳಿದ್ದನಂತೆ, ಇದೇನು ಬರೆದಿದ್ದಾಳೋ ನಮಗೆ ಓದಲು ಬರುವುದಿಲ್ಲ ಎಂದು. ಬರುವುದಿಲ್ಲ ನಿಜ. ಪುಸ್ತಕ ಮೊದಲಿನಿಂದ ಕೊನೆಯವರೆಗೆ ತೆಲುಗಿನಲ್ಲಿದೆ.

ನಾನು ಕೊಡಿಗೇನಹಳ್ಳಿಯವಳು, ಹಿಂದೂಪುರದ ಬಸ್ಸಿನ ತೆಲುಗು ಬೋರ್ಡು ಓದಿಕೊಂಡೇ ಬೆಳೆದವಳು. ನನಗೆ ಓದಲು ಬರುತ್ತದೆ. ಪ್ರತಿ ಹಾಳೆಯ ಕೆಳಗೂ ಅವಳ ಸಹಿ ಇತ್ತು. ಸೊಟ್ಟಗೆ, ದಪ್ಪಗೆ, ತೆಲುಗಿನಲ್ಲಿ.

"ಆಂಜಿನಮ್ಮ, ಕನ್ನಡ ಬರೆಯೋಕೆ ಬರುತ್ತಾ ನಿಮಗೆ?"

"ಮಾತು ಬತ್ತೈತೆ ಕಣಮ್ಮ, ಬರೆಯಾಕೆ ರಾದು. ನಂ ತವರು ಮಡಕಶಿರಾ ಕಡೆ. ಇಸ್ಕೂಲಾಗೆ ಕಲ್ತಿದ್ದೆಲ್ಲಾ ತೆಲುಗೇ. ರೇಷನ್ನಿಗೂ ಬ್ಯಾಂಕಿಗೂ ತೆಲುಗಾಗೇ ಸೈನು."

ಕಾಗದ ಅವಳ ಮುಂದೆ ಹಿಡಿದೆ. "ಇದು ನಿಮ್ಮ ಸಹಿನಾ?"

ಬಹಳ ಹೊತ್ತು ನೋಡಿದಳು. "ದೇವುಡಿ ಮೇಲಾಣೆ, ಇದ್ನ ನಾನು ನೋಡೇ ಇಲ್ಲ. ಏನಂತ ಬರ್ದೈತೆ?"

ಶಂಕರಲಿಂಗಪ್ಪನತ್ತ ತಿರುಗಿದೆ. "ನಾಲ್ಕು ತಿಂಗಳು ಜೋಪಾನ ಮಾಡಿದ್ರಲ್ಲ, ಒಳ್ಳೇದಾಯ್ತು. ಒಬ್ಬ ಹೆಂಗಸು ಕೆಲಸ ಬಿಟ್ಟು, ಬಸ್ ಹತ್ತಿ, ವಿಷದ ಬಾಟಲಿ ನಿಮ್ಮ ಮೇಜಿನ ಮೇಲೆ ತಂದಿಟ್ಟಳು. ಅವಳ ಬಾಯಿ ಮುಚ್ಚಿಸೋಕೆ ಅವಳಿಗೇ ಬಾರದ ಅಕ್ಷರದಲ್ಲಿ ಸಹಿ ಹಾಕಿದ್ರಿ. ಈಗ ಜೈಲಿಗೂ ಅವಳನ್ನೇ ಕಳಿಸ್ತೀರಾ? ಯಾರು ಬರೆದಿದ್ದು ಇದನ್ನ?"

ಅವನ ಮುಖದಲ್ಲಿ ರಕ್ತವಿರಲಿಲ್ಲ. "ನಂಗೊತ್ತಿಲ್ಲಮ್ಮ. ನಿಜವಾಗ್ಲೂ. ನಂಗೂ ಸಹಿ ಹಾಕಿದ್ದೇ ತಂದು ಕೊಟ್ಟಿದ್ದು. ಕೆಳಗೈತೆ ನೋಡಿ, ತಂದ್ಕೊಟ್ಟೋರ ಸಾಕ್ಷಿ."

ಕವರಿನ ಮಡಿಕೆಯಲ್ಲಿ ಕಾಗದದ ಕೊನೆಯ ಭಾಗ ಮುಚ್ಚಿಹೋಗಿತ್ತು. ಬಿಡಿಸಿದೆ. 'ನನ್ನ ಸಮಕ್ಷಮ ಸಹಿ ಮಾಡಿರುತ್ತಾರೆ.' ಅದರ ಕೆಳಗೆ ಸೀಲು, ಹೆಸರು.

ಮುತ್ತುರಾಜು, ವಕೀಲರು, ಮಧುಗಿರಿ.

ಇನ್ನೊಂದು ಪ್ರತಿ ಇಟ್ಕೋಬೇಡಿ ಎಂದಿದ್ದ ದನಿ ಕಿವಿಯಲ್ಲೇ ಇತ್ತು. ಈ ಮನುಷ್ಯ ನನ್ನನ್ನು ಕರೆಸಿದ್ದು ಪುರಾವೆ ಹುಡುಕಿಸಲಿಕ್ಕಲ್ಲ. ಏನೇನು ಪುರಾವೆ ಉಳಿದಿದೆ ಎಂದು ತಿಳಿದುಕೊಂಡು ತನ್ನ ಜೇಬಿಗೆ ಹಾಕಿಕೊಳ್ಳಲಿಕ್ಕೆ. ಮತ್ತು ನಾನು, ಕಳ್ಳ ಹಸಿರು ಹಿಡಿಯುವವಳು, ಅರ್ಧ ಗಂಟೆಯ ಹಿಂದೆ 'ಸಿಕ್ತು' ಎಂದು ಅವನಿಗೇ ಹೇಳಿಬಿಟ್ಟಿದ್ದೆ.

"ಜೈಬಾ, ಎಲ್ಲದಕ್ಕೂ ಮೂರು ಪ್ರತಿ ಮಾಡು. ಈಗಲೇ." ಅವಳು ಕಣ್ಣೊರೆಸಿಕೊಂಡು ಕೂತಳು. ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು. ಇನ್ನೂ ಮುಕ್ಕಾಲು ಗಂಟೆ ಇದೆ, ಸಾಕು ಎಂದುಕೊಂಡೆ. "ಆಂಜಿನಮ್ಮ, ಮುತ್ತುರಾಜು ಜೊತೆ ಇನ್ನು ಒಂದು ಮಾತೂ ಆಡಬೇಡಿ. ಅವರು ಕೊಟ್ಟ ಯಾವುದನ್ನೂ ಮುಟ್ಟಬೇಡಿ."

ಅವಳು ಕದಲಲಿಲ್ಲ. ಬ್ಯಾಗನ್ನು ಎದೆಗೆ ಅವುಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಏನು?"

"ಬೆಳಿಗ್ಗೆ ಬಸ್‌ಸ್ಟ್ಯಾಂಡಿನಾಗೆ ಸಿಕ್ಕಿದ್ರು ಕಣಮ್ಮ. ಸಮಿತಿಗೆ ಕೊಡಾಕೆ ಅಂತ ಒಂದ್ ಕಾಗ್ದಕ್ಕೆ ಸೈನು ಮಾಡಿಸ್ಕೊಂಡ್ರು. ಕನ್ನಡದಾಗಿತ್ತು, ಓದಾಕೆ ಬರ್ಲಿಲ್ಲ. ನಂ ವಕೀಲ್ರಲ್ವಾ ಅಂತ ಹಾಕ್ಬುಟ್ಟೆ." ಅವಳ ದನಿ ತೀರ ಸಣ್ಣಗಾಯಿತು. "ಈ ಸಲ ನಿಜವಾಗ್ಲೂ ನಾನೇ ಹಾಕಿದ್ದು ತಲ್ಲೀ. ತೆಲುಗಾಗೇ."